ಎರಡು ಗೀರಿನ ಗುಂಡು

ನನ್ನ ಹತ್ರ ಏರ್‌ಗನ್ ಗುಂಡಿನ ಡಬ್ಬಿ ಅರವತ್ತೊಂದು ಇದಾವೆ. ಗುಂಡಲ್ಲ, ಬರೀ ಡಬ್ಬಿ. ಮುಕ್ಕಾಲು ಪಾಲು ತಗಡಿಂದು, ಮಿಕ್ಕಿದ್ದು ರಟ್ಟಿಂದು. ಕತ್ರಿಗುಪ್ಪೆ ಮನೆ ಅಟ್ಟದ ಮೇಲೆ ಒಂದು ಟ್ರಂಕಲ್ಲಿ ಇಟ್ಟಿದೀನಿ. ಅವ್ವ ಅದಕ್ಕೆ ಶನಿ ಟ್ರಂಕು ಅಂತಾಳೆ. ಅವಳು ಹೇಳೋದು ಸುಳ್ಳಲ್ಲ. ಆ ಡಬ್ಬಿ ವಿದ್ಯೆ ನಂಬ್ಕೊಂಡು ನಾನು ಒಬ್ಬ ಮುದುಕನ ಕೈ ಮುರಿದೆ.

ಆಗ ನಂಗೆ ಇಪ್ಪತ್ತು. ಅಣ್ಣಂಗೆ ಇಪ್ಪತ್ತಾರು. ಅಣ್ಣ ಕಲ್ಲು ಲಾರಿ ಓಡಿಸ್ತಿದ್ದ, ನಾನು ಅದೇ ಲಾರಿಗೆ ಕ್ಲೀನರು. ಬನಶಂಕರಿ ಗುಡಿ ಆಚೆ ಗಣಿಯಿಂದ ಸೈಜುಗಲ್ಲು ತುಂಬ್ಕೊಂಡು ಜಯನಗರಕ್ಕೆ ಹಾಕೋದು ನಮ್ಮ ಕೆಲಸ. ಜಯನಗರ ಆಗಿನ್ನೂ ಕಟ್ತಾ ಇದ್ರು. ಎಲ್ಲಿ ನೋಡಿದ್ರೂ ಪಾಯ, ಜಲ್ಲಿ, ಸುಣ್ಣದ ಗುಂಡಿ. ಅವ್ವನ ತವರೋರದ್ದು ಯಡಿಯೂರಲ್ಲಿದ್ದ ರಾಗಿ ಹೊಲ ಸೈಟಾಗಿ ಹೋಗಿತ್ತು. ಆ ಹೊಲದ ಮೇಲೆ ಕಟ್ಟೋ ಮನೆಗೆ ನಾವೇ ಕಲ್ಲು ಹಾಕ್ತಿದ್ವಿ. ಅಣ್ಣಂಗೆ ಅದ್ರಲ್ಲೇನೂ ಬೇಜಾರಿರ್ಲಿಲ್ಲ. ಅವನಿಗೆ ಸ್ಟೇರಿಂಗ್ ಕೈಲಿದ್ರೆ ಸಾಕು. ಗೋಡೆಗೂ ಲಾರಿಗೂ ಮಧ್ಯೆ ಎರಡು ಬೆರಳು ಜಾಗ ಬಿಟ್ಟು ರಿವರ್ಸ್ ಹಾಕ್ತಿದ್ದ. ನಾನು ಹಿಂದೆ ನಿಂತು 'ಬರ್ಲಿ, ಬರ್ಲಿ' ಅಂತ ಕೂಗೋದು ದಂಡ. ಅವನು ಕೇಳ್ತಾನೇ ಇರ್ಲಿಲ್ಲ.

ಡಬ್ಬಿ ಹುಚ್ಚು ಹಿಡಿಸಿದ್ದು ಜಯನಗರದ ಒಬ್ಬ ಯಜಮಾನರು. ಲೇಔಟು ಮುಗಿಯೋ ಜಾಗದಲ್ಲಿ, ಸಾರಕ್ಕಿ ಕಡೆ ಹೋಗೋ ರಸ್ತೆ ಮೂಲೆಗೆ ಅವರ ಮನೆ. ಅವರ ಕಾಂಪೌಂಡಿಗೆ ಕಲ್ಲು ಇಳಿಸುವಾಗ ಕಿಟಕಿ ಕಟ್ಟೆ ಮೇಲೆ ಸಾಲಾಗಿ ಡಬ್ಬಿ ಜೋಡ್ಸಿದ್ದು ಕಾಣಿಸ್ತು. ಕೆಂಪು, ಹಸಿರು, ಹಳದಿ, ಅಂಗೈಯಲ್ಲಿ ಹಿಡಿಯೋ ಅಷ್ಟು ಸಣ್ಣವು. ನಾನು ಕಲ್ಲು ಹೊತ್ಕೊಂಡೇ ನಿಂತ್ಬಿಟ್ಟೆ.

'ಏನಯ್ಯಾ, ಅದು ನಶ್ಯದ ಡಬ್ಬಿ ಅಲ್ಲ,' ಅಂದ್ರು ಒಳಗಿಂದ.

'ಮತ್ತೇನ್ ಸಾರ್?'

'ಮೊದಲು ಕಲ್ಲು ಇಳಿಸು. ಕಾಲ ಮೇಲೆ ಬಿದ್ದೀತು.'

ಅವರು ದಂಡಿನ ಕಡೆ, ಅಂದ್ರೆ ಕಂಟೋನ್ಮೆಂಟಲ್ಲಿ, ಒಂದು ಬಂದೂಕಿನ ಅಂಗಡಿಲಿ ಮೂವತ್ತು ವರ್ಷ ಗುಮಾಸ್ತರಾಗಿದ್ದೋರು. ದೊರೆಗಳಿಗೆ ಬಂದೂಕು ಮಾರಿದ್ರು, ಅವರ ಮಕ್ಕಳಿಗೆ ಏರ್‌ಗನ್ ಮಾರಿದ್ರು. ತಾವು ಮಾತ್ರ ಖಾಲಿ ಡಬ್ಬಿ ಎತ್ತಿಟ್ಕೊಂಡು ಬಂದ್ರು. ಅವತ್ತಿಂದ ಭಾನುವಾರ ಭಾನುವಾರ ಅವರ ಮನೆಗೆ ಹೋಗೋಕೆ ಶುರು ಮಾಡ್ದೆ. ಹೊರಗಿನ ಜಗಲಿ ಮೇಲೆ ಕೂರ್ತಿದ್ದೆ. ಅವರ ಹೆಂಗಸ್ರು, ಅಂದ್ರೆ ಹೆಂಡ್ತಿಯೋರು, ನನ್ನ ಲೋಟಕ್ಕೆ ತಾಗದ ಹಂಗೆ ಮೇಲಿಂದ ಕಾಫಿ ಹುಯ್ಯೋರು. ನಾನು ಅದನ್ನೆಲ್ಲ ಲೆಕ್ಕಕ್ಕೆ ಇಟ್ಕೊಳ್ತಿರ್ಲಿಲ್ಲ. ನಂಗೆ ಡಬ್ಬಿ ಬೇಕಿತ್ತು.

ಡಬ್ಬಿ ವಯಸ್ಸು ಹೇಳೋದು ಎತ್ತಿನ ಹಲ್ಲು ನೋಡ್ದಂಗೆ. ಬಾಯಿ ಬಿಡಿಸಿ ನೋಡಿದ್ರೆ ಗೊತ್ತಾಗುತ್ತೆ. ನಾನು ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟೋನು, ಇಂಗ್ಲಿಷ್ ಓದೋಕೆ ಬರ್ತಿರ್ಲಿಲ್ಲ. ಯಜಮಾನರು ಅದೇ ಒಳ್ಳೇದು ಅಂದ್ರು. 'ಓದೋನು ಹೆಸರು ನೋಡ್ತಾನೆ. ನೀನು ತಗಡು ನೋಡು,' ಅಂದ್ರು. ಪಕ್ಕದಲ್ಲಿ ಬೆಸುಗೆ ಹಾಕಿದ್ರೆ ಹಳೇದು. ಒಂದೇ ತಗಡು ಒತ್ತಿ ಮಾಡಿದ್ರೆ ಆಮೇಲಿಂದು. ಕಾಗದ ಅಂಟಿಸಿದ್ರೆ ಹಳೇದು, ತಗಡಿನ ಮೇಲೇ ಬಣ್ಣ ಹೊಡೆದಿದ್ರೆ ಆಮೇಲಿಂದು. ರಟ್ಟಿನ ಪೆಟ್ಟಿಗೆ ಆದ್ರೆ ಯುದ್ಧದ ಕಾಲದ್ದು, ಆಗ ತಗಡೆಲ್ಲ ಯುದ್ಧಕ್ಕೆ ಹೋಗಿತ್ತಂತೆ. ಅಂಗಡಿಯೋರು ತಳಕ್ಕೆ ಅಂಟಿಸಿರೋ ಚೀಟಿಲಿ ಟೆಲಿಫೋನ್ ನಂಬರು ಇರುತ್ತೆ. ಅಂಕಿ ಕಮ್ಮಿ ಇದ್ದಷ್ಟೂ ಡಬ್ಬಿ ಹಳೇದು. ಬೆಲೆ ಆಣೆಲಿ ಬರೆದಿದ್ರೆ ನಯಾ ಪೈಸೆಗಿಂತ ಮುಂಚಿಂದು.

ಗುಂಡಿಂದೂ ಹೇಳ್ಕೊಟ್ರು. ಏರ್‌ಗನ್ ಗುಂಡು ಉಂಡೆ ಥರ ಇರಲ್ಲ, ಡಮರು ಥರ ಇರುತ್ತೆ. ಸೊಂಟ ಸಣ್ಣ, ಹಿಂದೆ ಟೊಳ್ಳು. ಮೆತ್ತನೆ ಸೀಸ. ಸೊಂಟದ ಕೆಳಗೆ ಒಂದು ಗೀರು ಇರುತ್ತೆ, ಇಲ್ಲ ಗೀರೇ ಇರಲ್ಲ. ಎರಡು ಗೀರು ಇರೋ ಗುಂಡು ಮಾತ್ರ ಒಂದೇ ಥರದ ಡಬ್ಬಿಲಿ ಬರ್ತಿತ್ತು. ಹಸಿರು ತಗಡು, ಮುಚ್ಚಳದ ಮೇಲೆ ಜಿಂಕೆ ತಲೆ. ಅದು ಯುದ್ಧಕ್ಕೆ ಮುಂಚೆ ನಿಂತೋಯ್ತು. ಅಂಥದ್ದು ಒಂದು ಅವರ ಹತ್ರ ಇತ್ತು, ಸುತ್ತ ಅಂಟಿಸಿದ ಕಾಗದದ ಪಟ್ಟಿ ಕೂಡ ಹರಿದಿರ್ಲಿಲ್ಲ. ಕಿವಿ ಹತ್ರ ಹಿಡಿದು ಅಲ್ಲಾಡ್ಸಿ ಕೇಳ್ಸೋರು. 'ಇದನ್ನ ನಾನೂ ತೆಗೆಯಲ್ಲ, ನೀನೂ ಕೇಳ್ಬೇಡ.'

ಆರು ತಿಂಗಳಿಗೆ ನಂಗೂ ಒಂದು ಸಿಕ್ತು. ಮಡಿವಾಳದ ಒಬ್ಬ ಗುಜರಿ ಸಾಬ್ರು ಒಂದು ಗೋಣಿಚೀಲ ಡಬ್ಬಿ ತೆಗೆದಿಟ್ಟಿದ್ರು, ಯಾವುದೋ ದೊರೆ ಬಂಗಲೆ ಖಾಲಿ ಮಾಡಿದಾಗ ಬಂದಿದ್ದು. ಅದರಲ್ಲಿ ಹಸಿರು ಜಿಂಕೆ ಡಬ್ಬಿ ಇತ್ತು. ನಾನು ಅಲ್ಲೇ ಕುಣಿದ್ಬಿಟ್ಟೆ. ಮನೆಗೆ ತಂದು ಎಲ್ಲ ಡಬ್ಬಿ ಬಾಯಿ ತೆಗೆದು, ಒಳಗಿದ್ದ ಗುಂಡನ್ನೆಲ್ಲ ಒಂದು ಹಳೇ ಬನಿಯನ್ ಮೇಲೆ ಸುರಿದು ಗಂಟು ಕಟ್ಟಿದೆ. ಸೀಸ ಬೆವರಿ ತಗಡು ತಿನ್ನುತ್ತೆ ಅಂತ ಯಜಮಾನರು ಹೇಳಿದ್ರು, ಅದಕ್ಕೆ ಮೊದಲು ಡಬ್ಬಿ ಖಾಲಿ ಮಾಡೋದು. ಆಮೇಲೆ ಸೀಮೆಎಣ್ಣೆಲಿ ಒರೆಸಿ, ಒಣಗಿಸಿ ಇಡೋದು. ಗುಂಡು ಹೆಂಗಿತ್ತು ಅಂತ ನಾನು ನೋಡ್ಲೇ ಇಲ್ಲ. ಕಡ್ಲೆಕಾಯಿ ತಿಂದೋನು ಸಿಪ್ಪೆ ಯಾಕೆ ನೋಡ್ತಾನೆ?

ಆ ಗಂಟನ್ನ ಸೀಬೆ ತೋಟದೋನಿಗೆ ಕೊಟ್ಟೆ. ಅವನು ನನ್ನ ಗೆಣೆಕಾರ. ಇಬ್ರೂ ಒಂದೇ ಗರಡಿಲಿ ಮಣ್ಣು ತಿಂದೋರು. ಸಾರಕ್ಕಿ ರಸ್ತೆಲಿ ಯಜಮಾನರ ಮನೆ ಎದುರಿಗೆ, ಸ್ವಲ್ಪ ಮುಂದಕ್ಕೆ, ಒಂದು ಸೀಬೆ ತೋಟ ಇತ್ತು. ಅಲ್ಲಿ ಅವನು ಕಾವಲಿಗೆ ಇದ್ದ. ತೋಟದ ಸಾಹುಕಾರ ಒಂದು ಏರ್‌ಗನ್ ಕೊಟ್ಟಿದ್ದ, ಗಿಣಿಗೆ, ಬಾವಲಿಗೆ. ಇವನು ಹೊಡೆದ ಬಾವಲಿನ ರೆಕ್ಕೆ ಬಿಡಿಸಿ ಮುಳ್ಳುತಂತಿಗೆ ಸಿಗಿಸ್ತಿದ್ದ. ದೂರದಿಂದ ನೋಡಿದ್ರೆ ಮುರಿದ ಕೊಡೆ ನೇತು ಹಾಕ್ದಂಗೆ ಕಾಣೋದು. 'ಮಿಕ್ಕಿದ್ದು ನೋಡ್ಕೊಂಡು ಹೋಗ್ಲಿ ಅಂತ,' ಅನ್ನೋನು. ಗುಂಡಿನ ಗಂಟಿಗೆ ಬದಲು ಒಂದು ಮಂಕರಿ ಸೀಬೆಹಣ್ಣು ಕೊಟ್ಟ. ತಿಂದ್ವಿ. ನಾನು ಅದನ್ನ ಅಲ್ಲಿಗೇ ಮರ್ತೆ.

ಅದಾಗಿ ಒಂದು ವರ್ಷ ಆಗಿತ್ತು. ಬೇಸಿಗೆ, ಬೆಳಿಗ್ಗೆ ಹನ್ನೊಂದು ಗಂಟೆ. ಸಾರಕ್ಕಿ ರಸ್ತೆಲಿ, ಯಜಮಾನರ ಮನೆ ಹತ್ರ, ಲಾರಿ ಇಂಜಿನ್ ಕಾಯ್ತು. ಅಣ್ಣ ಇಳಿದು ಬಾನೆಟ್ ಎತ್ತಿದ. ನಾನು ಕೊಡದಲ್ಲಿ ನೀರು ತಂದೆ. ಅವನು ರೇಡಿಯೇಟರ್ ಮುಚ್ಚಳಕ್ಕೆ ಟವಲು ಸುತ್ತಿ ತಿರುಗಿಸ್ತಾ ಇದ್ದ. ಟಪ್ ಅಂತು. ಅಣ್ಣ ಹಿಂದಕ್ಕೆ ಬಿದ್ದ. ಬಿಸಿ ನೀರು ಹಾರ್ತು ಅಂದ್ಕೊಂಡೆ, ಯಾವಾಗ್ಲೂ ಹಾರುತ್ತೆ. ಕೊಡದ ನೀರನ್ನ ಅವನ ಮುಖಕ್ಕೆ ಎರಚಿದೆ. ನೀರು ಕೆಂಪಾಗಿ ಇಳೀತು. ಎಡಗಣ್ಣಿದ್ದ ಜಾಗದಲ್ಲಿ ಕಣ್ಣಿರ್ಲಿಲ್ಲ, ರಕ್ತ ತುಂಬಿದ ಗುಳಿ ಇತ್ತು. ಅಣ್ಣ ಕೂಗ್ಲಿಲ್ಲ. ಎದ್ದು ಬಂಪರ್ ಹಿಡ್ಕೊಂಡು 'ಯಾವನ್ಲಾ ಅದು, ಯಾವನ್ಲಾ ಅದು' ಅಂತ ಮೆತ್ತಗೆ ಅಂದ, ಪಕ್ಕದಲ್ಲಿರೋನ ಹತ್ರ ಕೇಳ್ದಂಗೆ.

ನಂಗೆ ಲಾರಿ ಫಸ್ಟ್ ಗೇರಲ್ಲಿ ಮಾತ್ರ ಓಡಿಸೋಕೆ ಬರ್ತಿತ್ತು. ಕಣ್ಣಾಸ್ಪತ್ರೆ ತನಕ ಫಸ್ಟ್ ಗೇರಲ್ಲೇ ಹೋದೆ. ದಾರೀಲಿ ಒಂದು ಜಟಕಾ ಬಂಡಿ ಚಕ್ರ ಮುರಿದೆ, ನಿಲ್ಲಿಸ್ಲಿಲ್ಲ. ಅಣ್ಣ ಪಕ್ಕದಲ್ಲಿ ಕೂತು ಟವಲು ಕಣ್ಣಿಗೆ ಒತ್ಕೊಂಡು 'ಕ್ಲಚ್ ತುಳಿ, ಕ್ಲಚ್ ತುಳಿ ಮುಂಡೇದೆ' ಅಂತಿದ್ದ.

ಡಾಕ್ಟ್ರು ಕಣ್ಣು ಉಳಿಯಲ್ಲ ಅಂದ್ರು. ತೆಗೆದ್ರು. ಆಮೇಲೆ ಹತ್ತಿಲಿ ಸುತ್ತಿ ಗುಂಡನ್ನ ನನ್ನ ಕೈಗೆ ಕೊಟ್ರು. 'ಪೊಲೀಸ್ನೋರು ಕೇಳಿದ್ರೆ ಕೊಡು.'

ಆಸ್ಪತ್ರೆ ಹಜಾರದಲ್ಲಿ ಕೂತು ಹತ್ತಿ ಬಿಡಿಸ್ದೆ. ಮೂತಿ ಸ್ವಲ್ಪ ಚಪ್ಪಟೆ ಆಗಿತ್ತು. ಸೊಂಟ ಹಂಗೇ ಇತ್ತು. ಉಗುಳು ಹಚ್ಚಿ ಒರೆಸ್ದೆ. ಸೊಂಟದ ಕೆಳಗೆ ಎರಡು ಗೀರು.

ನಮ್ಮ ಕಡೆಲೆಲ್ಲ ಜಿಂಕೆ ಡಬ್ಬಿ ಎರಡೇ. ಒಂದು ನಂದು, ಅದು ಖಾಲಿ. ಇನ್ನೊಂದು ಆ ರಸ್ತೆ ಮೂಲೆ ಮನೆಯಲ್ಲಿ. ಇದಕ್ಕೆ ಯೋಚ್ನೆ ಮಾಡೋದೇನಿದೆ? ಪೊಲೀಸಿಗೆ ಯಾಕೆ ಕೊಡ್ಲಿ?

ಅಣ್ಣನ ಮಂಚದ ಹತ್ರ ಹೋಗಿ ಹೇಳ್ದೆ. ಮುಖದ ಅರ್ಧ ಬಟ್ಟೆ ಸುತ್ತಿತ್ತು.

'ಖಾತ್ರಿನಾ?'

'ಖಾತ್ರಿ ಅಣ್ಣ. ಬೇರೆ ಯಾರ ಹತ್ರಾನೂ ಈ ಗುಂಡು ಇಲ್ಲ.'

'ಹಂಗಾದ್ರೆ ಇಲ್ಲಿ ಯಾಕ್ಲಾ ನಿಂತಿದೀಯ?'

ಮಾರನೇ ದಿನ ಬೆಳಿಗ್ಗೆ ಸೀಬೆ ತೋಟದೋನಿಗೆ ಮುದುಕನ ವಿಷ್ಯ ಹೇಳಿ ಕರ್ಕೊಂಡೆ. ಅವನು ಒಂದು ಮಾತೂ ಕೇಳ್ದೆ ಬಂದ. 'ಅಣ್ಣನ ಕಣ್ಣು ಅಂದ್ರೆ ನನ್ನ ಕಣ್ಣು,' ಅಂದ. ಗೇಟಲ್ಲಿ ನಿಂತ್ಕೊ, ಯಾರನ್ನೂ ಒಳಗೆ ಬಿಡ್ಬೇಡ ಅಂದೆ.

ಯಜಮಾನರು ಬಾವಿ ಹತ್ರ ಪಂಚೆ ಎತ್ತಿ ಕಟ್ಕೊಂಡು ಗಿಡಕ್ಕೆ ನೀರು ಹಾಕ್ತಿದ್ರು. ನನ್ನ ನೋಡಿ ನಕ್ರು. 'ಏನಯ್ಯಾ, ಇವತ್ತು ಭಾನುವಾರ ಅಲ್ವಲ್ಲ.'

'ಜಿಂಕೆ ಡಬ್ಬಿ ತೋರ್ಸಿ.'

ಮುಖ ನೋಡಿ ಏನೋ ಆಗಿದೆ ಅಂತ ಗೊತ್ತಾಯ್ತು ಅವರಿಗೆ. ಒಳಗೆ ಹೋಗಿ ತಂದ್ರು. ಕಾಗದದ ಪಟ್ಟಿ ಕೊಯ್ದಿತ್ತು. ಮುಚ್ಚಳ ತೆಗೆದೆ. ಗುಂಡು ಅಂಚಿನ ತನಕ ಇರ್ಲಿಲ್ಲ, ಒಂದು ಹಿಡಿ ಕಮ್ಮಿ ಇತ್ತು. ಒಂದನ್ನ ಎತ್ತಿ ನೋಡ್ದೆ. ಎರಡು ಗೀರು.

'ತೆಗೆಯಲ್ಲ ಅಂತಿದ್ರಿ.'

'ಕೋತಿ ಕಾಟ ಕಣಯ್ಯಾ. ಮನೆಯೋರು ಮಹಡಿ ಮೇಲೆ ಹಪ್ಪಳ ಒಣಗಿಸ್ತಾರೆ. ಬೇರೆ ಗುಂಡು ಮುಗಿದಿತ್ತು. ಈಗ ಫಾರಿನ್ ಮಾಲು ಎಲ್ಲಿ ಬರುತ್ತೆ? ಬೇಜಾರಾಯ್ತು, ಆದ್ರೂ ಕೊಯ್ದೆ.'

'ನಿನ್ನೆ ಹೊಡೆದ್ರಾ?'

'ಹೊಡೆದೆ. ಎರಡು ಮೂರು. ಯಾಕೆ?'

ಯಾಕೆ ಅಂತ ನಾನು ಬಾಯಲ್ಲಿ ಹೇಳ್ಲಿಲ್ಲ. ಮೊದಲ್ನೇ ಏಟು ಬಾಯಿಗೆ ಬಿತ್ತು. ಹಲ್ಲು ನನ್ನ ಗೆಣ್ಣಿಗೆ ತಾಗಿ ಚರ್ಮ ಕಿತ್ತು ಬಂತು. ಅವರು ಬಾವಿ ಕಟ್ಟೆ ಹಿಡ್ಕೊಂಡ್ರು. ಬನಿಯನ್ ಹಿಡಿದು ಎಳೆದೆ, ಹರೀತು. ಕತ್ತು ಹಿಡಿದು ಕಿಟಕಿ ತನಕ ದಬ್ಕೊಂಡು ಹೋದೆ. ಮುದುಕ್ರ ಮೈ ಎಷ್ಟು ಹಗುರ ಇರುತ್ತೆ ಅಂತ ಅವತ್ತೇ ಗೊತ್ತಾಗಿದ್ದು. ಎರಡು ಸಲ ತಲೆನ ಸರಳಿಗೆ ಬಡಿದೆ. ಏರ್‌ಗನ್ ಅಲ್ಲೇ ಗೋಡೆಗೆ ಒರಗಿಸಿತ್ತು.

'ಯಾವ ಕೈಲಿ ಬಂದೂಕಿನ ಕುದುರೆ ಎಳೆದೆ?' ಅಂದೆ. ಬಹುವಚನ ಅಷ್ಟೊತ್ತಿಗೆ ಹೋಗಿತ್ತು.

ಅವರು ಬಲಗೈ ಎತ್ತಿದ್ರು. ಕೇಳಿದ್ದಕ್ಕೆ ತೋರ್ಸಿದ್ರು ಅಷ್ಟೆ, ಪಾಠ ಹೇಳೋವಾಗ ತೋರ್ಸೋರಲ್ಲ, ಹಂಗೆ. ಆ ಕೈ ಹಿಡಿದು ಕಿಟಕಿ ಕಟ್ಟೆ ಮೇಲೆ, ಡಬ್ಬಿಗಳ ಮಧ್ಯೆ ಇಟ್ಟೆ. ಬಂದೂಕು ತಿರುಗಿಸಿ ಹಿಡಿ ಕಡೆಯಿಂದ ಕುಟ್ಟಿದೆ. ಒಂದು ಸಲಕ್ಕೆ ಏನೂ ಆಗ್ಲಿಲ್ಲ. ಎರಡನೇದಕ್ಕೆ ಕಬ್ಬು ಮುರಿದಂಗೆ ಸದ್ದಾಯ್ತು. ಮೂರನೇದೂ ಹಾಕಿದೆ. ಅದು ಬೇಕಿರ್ಲಿಲ್ಲ.

ಅವರ ಹೆಂಗಸ್ರು ಅಡುಗೆಮನೆಯಿಂದ ಬಂದು ಹಿತ್ತಾಳೆ ಸೌಟಲ್ಲಿ ನನ್ನ ಬೆನ್ನಿಗೆ, ತಲೆಗೆ ಬಾರಿಸಿದ್ರು. ಸಾರು ಇನ್ನೂ ಬಿಸಿ ಇತ್ತು, ಕತ್ತೆಲ್ಲ ಸುಟ್ಟೋಯ್ತು. 'ಕಾಫಿ ಕೊಟ್ಟಿದ್ನಲ್ಲೋ ಪಾಪಿ, ಕಾಫಿ ಕೊಟ್ಟಿದ್ನಲ್ಲೋ!' ಅಂತ ಕೂಗ್ತಿದ್ರು. ಗೇಟ್ ಹತ್ರ ಇಬ್ರು ಅಕ್ಕಪಕ್ಕದೋರು ನುಗ್ಗೋಕೆ ಬಂದ್ರು. ತೋಟದೋನು ಒಬ್ಬನ್ನ ಎತ್ತಿ ಜಲ್ಲಿ ರಾಶಿ ಮೇಲೆ ಹಾಕಿದ, ಇನ್ನೊಬ್ಬ ಓಡಿದ.

'ನಮ್ಮಣ್ಣನ ಕಣ್ಣು ತೆಗೆದಿದಾನೆ!' ಅಂತ ನಾನು ಬೀದಿಗೆಲ್ಲ ಕೇಳೋ ಹಂಗೆ ಕೂಗಿದೆ. ಗುಂಡನ್ನ ಅವರ ಮುಂದೆ ಎಸೆದೆ. 'ನೋಡು. ನೀನೇ ಹೇಳ್ಕೊಟ್ಟಿದ್ದು. ಇದು ಎಲ್ಲಿದು ಹೇಳು!'

ಅವರು ಎಡಗೈಲಿ ಅದನ್ನ ಎತ್ಕೊಂಡು, ಕಣ್ಣಿನ ಹತ್ರ ಹಿಡಿದು ನೋಡಿದ್ರು. ಮೂಗಿಂದ ರಕ್ತ ಸೋರ್ತಿತ್ತು. ತಿರುಗಿಸಿ ತಿರುಗಿಸಿ ನೋಡಿದ್ರು. ಆಮೇಲೆ ಅಲ್ಲೇ ಕೂತ್ಬಿಟ್ರು.

ಪೊಲೀಸ್ ಬರ್ತಾರೆ ಅಂತ ನಾನು ಮೂರು ದಿನ ಶ್ರೀನಗರದಲ್ಲಿ ಚಿಕ್ಕಮ್ಮನ ಮನೆಲಿದ್ದೆ. ಯಾರೂ ಬರ್ಲಿಲ್ಲ. ಯಾಕೆ ಅಂತ ನಾಕನೇ ದಿನ ಗೊತ್ತಾಯ್ತು. ಆಸ್ಪತ್ರೆಲಿ ಅಣ್ಣನ ಮಂಚದ ಪಕ್ಕ ಸ್ಟೂಲ್ ಮೇಲೆ ಯಜಮಾನರು ಕೂತಿದ್ರು. ಬಲಗೈಗೆ ಬಿದಿರು ದಬ್ಬೆ ಕಟ್ಟಿ ಕತ್ತಿಗೆ ನೇತು ಹಾಕಿದ್ರು. ತುಟಿ ಊದ್ಕೊಂಡಿತ್ತು. ನಾನು ಬಾಗಿಲಲ್ಲೇ ನಿಂತೆ.

'ನಾನೇ ಇರ್ಬೇಕು ಕಣಯ್ಯಾ,' ಅಂತಿದ್ರು ಅಣ್ಣಂಗೆ. 'ಕೋತಿ ಆ ಕಡೆ ಗೋಡೆ ಮೇಲಿತ್ತು. ರಸ್ತೆ ಅದರ ಹಿಂದೇನೇ. ಗುರಿ ತಪ್ಪಿರ್ಬೇಕು. ನಂಗೆ ವಯಸ್ಸಾಯ್ತು.'

ಅಣ್ಣ ಇರೋ ಒಂದು ಕಣ್ಣಲ್ಲಿ ಅವರನ್ನ ನೋಡ್ತಾ ಇದ್ದ. 'ನೀವು ನೋಡಿದ್ರಾ, ನಂಗೆ ತಾಗಿದ್ದು?'

'ಇಲ್ಲ. ನೋಡಿದ್ರೆ ಓಡಿ ಬರ್ತಿರ್ಲಿಲ್ವೇ? ಆದ್ರೆ ಗುಂಡು ಅದೇ. ನಿಮ್ಮ ತಮ್ಮ ತಪ್ಪು ಮಾಡಲ್ಲ. ನಾನೇ ಕಲಿಸಿದೀನಿ ಅವನಿಗೆ.'

ಅಣ್ಣ ಅವರ ಮುಖಕ್ಕೆ ಉಗಿದ. ಅವರು ಎಡಗೈಲಿ ಒರೆಸ್ಕೊಂಡು ಎದ್ದು ಹೋದ್ರು. ನನ್ನ ಪಕ್ಕದಲ್ಲೇ ಹಾದು ಹೋದ್ರು, ತಲೆ ಎತ್ತಲಿಲ್ಲ. ನಂಗೆ ಆಗ ಸರಿಯಾಗೇ ಆಯ್ತು ಅನ್ನಿಸ್ತು. ಸುಳ್ಳು ಯಾಕೆ ಹೇಳ್ಲಿ, ಹೆಮ್ಮೆನೂ ಆಯ್ತು. ಎಸ್.ಎಸ್.ಎಲ್.ಸಿ. ಓದಿದೋರೂ ಕಂಡುಹಿಡೀದೇ ಇರೋದನ್ನ ನಾನು ಎರಡು ಗೀರು ನೋಡಿ ಕಂಡುಹಿಡಿದಿದ್ದೆ.

ಅಣ್ಣ ಎರಡು ತಿಂಗಳು ಬಿಟ್ಟು ಲಾರಿ ಹತ್ತಿದ. ನಾನು ಹಿಂದೆ ನಿಂತು 'ಬರ್ಲಿ, ಬರ್ಲಿ' ಅಂದೆ. ಈ ಸಲ ಕೇಳಿಸ್ಕೊಂಡ, ಆದ್ರೂ ಗೋಡೆ ಬೀಳಿಸ್ದ. ಒಂದು ಕಣ್ಣಲ್ಲಿ ಹತ್ರ ಯಾವುದು, ದೂರ ಯಾವುದು ಗೊತ್ತಾಗಲ್ಲ. ಲೋಟಕ್ಕೆ ನೀರು ಹುಯ್ಯೋಕೆ ಹೋದ್ರೆ ನೆಲಕ್ಕೆ ಹುಯ್ತಿದ್ದ. ಬೀಡಿ ಹಚ್ಚೋಕೆ ಹೋಗಿ ಮೀಸೆ ಸುಟ್ಕೊಂಡ. ಹಿಂಗೇ ಇನ್ನೆರಡು ತಿಂಗಳು ತಳ್ಳಿದ, ಮೋರಿ ಕಟ್ಟೆಗೆ ಲಾರಿ ಗುದ್ದಿದ ದಿನ ಓನರು ಬಂದು ಕೀ ಇಸ್ಕೊಂಡ. 'ಬೇಜಾರ್ ಮಾಡ್ಕೋಬೇಡ ಕಣಪ್ಪ,' ಅಂದ. ಅಣ್ಣ ಅವತ್ತು ಮನೆಗೆ ನಡ್ಕೊಂಡು ಬಂದ. ಕೈಲಿ ಲಾರಿ ಜಾಕಿ ರಾಡು ಇತ್ತು. ಅದನ್ನ ಮಾತ್ರ ವಾಪಸ್ ಕೊಟ್ಟಿರ್ಲಿಲ್ಲ.

ಮಾರನೇ ಬೆಳಿಗ್ಗೆ ಮುದ್ದೆ ಮುಂದೆ ಕೂತು ಹೇಳ್ದ: 'ಆ ಮುದುಕನ ಎಡಗೈ ಇನ್ನೂ ಚೆನ್ನಾಗಿದೆ ಅಲ್ವೇನ್ಲಾ?'

'ಬಿಡಣ್ಣ. ಒಂದು ಮುರಿದಾಯ್ತಲ್ಲ.'

'ನನ್ನ ಕಣ್ಣು, ನನ್ನ ಲಾರಿ. ಅವನದ್ದು ಬರೀ ಕೈ. ಇವತ್ತು ಹೋಗಿ ಬಾಕಿ ಮುಗಿಸ್ತೀನಿ. ಕೈ ಆದ್ರೆ ಕೈ, ತಲೆ ಆದ್ರೆ ತಲೆ. ನಂಗೆ ಈಗ ಗುರಿ ಎಲ್ಲಿ ಸಿಗುತ್ತೆ?'

ಅವ್ವ ಅಳೋಕೆ ಶುರು ಮಾಡಿದ್ಲು. ತಡೆಯೋಕೆ ನನ್ನೊಬ್ಬನ ಕೈಲಿ ಆಗಲ್ಲ. ಒಂದು ಕಣ್ಣಿದ್ರೂ ಅವನು ನನ್ನನ್ನ ಎತ್ತಿ ಎಸೀತಿದ್ದ. ಅವನು ಮುದ್ದೆ ಮುಗಿಸೋ ಅಷ್ಟರಲ್ಲಿ ನಾನು ಸೈಕಲ್ ಹತ್ತಿ ಸೀಬೆ ತೋಟಕ್ಕೆ ಹೋದೆ. ತೋಟದೋನು ಜೊತೆಗಿದ್ರೆ ಇಬ್ರೂ ಸೇರಿ ಹಿಡೀಬಹುದು.

ಅವನು ಬೇಲಿ ಪಕ್ಕ ಕುಕ್ಕರಗಾಲಲ್ಲಿ ಕೂತು ಬಂದೂಕು ತುಂಬ್ತಾ ಇದ್ದ. ತೊಡೆ ಮೇಲೆ ನನ್ನ ಹಳೇ ಬನಿಯನ್ ಗಂಟು ಬಿಚ್ಚಿತ್ತು.

'ಬಾ ಬೇಗ, ಅಣ್ಣ ಮುದುಕನ್ನ ಕೊಲ್ಲೋಕೆ ಹೊರಟ,' ಅಂದೆ.

'ಇರು, ಆ ಗಿಣಿಗೊಂದು ಕೊಟ್ಟು ಬರ್ತೀನಿ.' ಅಂಗೈಲಿ ನಾಕು ಗುಂಡು ಇಟ್ಕೊಂಡು ಒಂದನ್ನ ಆರಿಸ್ತಿದ್ದ. 'ಈ ಗೀರಿರೋವು ನೆಟ್ಟಗೆ ಹೋಗ್ತವೆ ಮಗಾ. ಬೇರೆವು ಸೊಟ್ಟ.'

ನಾನು ಅವನ ಕೈ ಹಿಡಿದೆ. ನಾಕರಲ್ಲಿ ಮೂರಕ್ಕೆ ಎರಡೆರಡು ಗೀರು.

'ಇವು ಎಲ್ಲಿವು?'

'ಎಲ್ಲಿವು ಅಂದ್ರೆ? ನೀನೇ ತಂದು ಸುರಿದ್ಯಲ್ಲ. ಸೀಬೆಹಣ್ಣು ತಿಂದ್ಯಲ್ಲ.'

ಬನಿಯನ್ ಮೇಲೆ ಕೈಯಾಡಿಸ್ದೆ. ಹಂಗಿದ್ದವು ಇನ್ನೂ ಹಿಡಿಗಟ್ಲೆ ಇದ್ವು.

'ಅಣ್ಣಂಗೆ ತಾಗಿದ ದಿನ ನೀನು ಹೊಡೆದ್ಯಾ?'

'ದಿನಾ ಹೊಡೀತೀನಿ.'

'ಈ ಕಡೆಗಾ? ರಸ್ತೆ ಕಡೆಗಾ?'

ಅವನು ಎದ್ದು ನಿಂತ. ಬೇಲಿ ಆಚೆ ರಸ್ತೆ ನೋಡ್ದ. ಲಾರಿ ಅವತ್ತು ನಿಂತಿದ್ದ ಜಾಗ ಅಲ್ಲಿಂದ ಕಲ್ಲೆಸೆಯೋ ದೂರ ಕೂಡ ಇಲ್ಲ.

'ಲಾರಿ ನಿಂತಿದ್ದು ಕಂಡಿತ್ತು,' ಅಂದ. 'ಗಿಣಿ ಬೇಲಿ ಮೇಲಿತ್ತು. ಹೊಡೆದೆ, ಹಾರೋಯ್ತು. ಆಮೇಲೆ ನೀನು ಬಂದು ಮುದುಕ ಅಂದೆ. ಡಬ್ಬಿ ಲೆಕ್ಕ ಹಾಕಿ ಹೇಳ್ತಿದೀನಿ ಅಂದೆ. ನಾನೂ ನಂಬ್ದೆ. ನಿಂಗೆ ಗೊತ್ತಿರುತ್ತಲ್ಲ ಅವೆಲ್ಲ.'

ಹೊಡೆದೆ. ಬೇರೆ ಏನು ಮಾಡ್ಬೇಕು ಗೊತ್ತಿರ್ಲಿಲ್ಲ. ಗರಡಿಲಿ ಕಲ್ತಿದ್ದೆಲ್ಲ ಮರ್ತು ಬೀದಿ ನಾಯಿ ಥರ ಕಚ್ಚಾಡಿದ್ವಿ. ಅವನು ಬಂದೂಕಿನ ನಳಿಗೆ ಬೀಸಿದ. ನನ್ನ ಕಿವಿ ಸೀಳ್ತು. ನಾನು ಅವನ ಕತ್ತನ್ನ ಮುಳ್ಳುತಂತಿಗೆ ಒತ್ತಿದೆ. ಒಣಗಿದ ಬಾವಲಿ ನಮ್ಮಿಬ್ರ ಮಧ್ಯೆ ಪುಡಿಪುಡಿ ಆಯ್ತು. ತಂತಿ ಅವನ ಚರ್ಮಕ್ಕೆ ಇಳೀತು.

'ಕೊಲ್ಲು,' ಅಂದ ಅವನು ಉಸಿರು ಕಟ್ಕೊಂಡು. 'ನನ್ನ ಕೊಂದ್ರೆ ನಿನ್ನ ಯಾರ್ಲಾ ಕೊಲ್ಲೋರು? ಹೊಡೆದೋನು ನಾನು, ಗುಂಡು ಕೊಟ್ಟೋನು ನೀನು.'

ಅಲ್ಲಿ ಅಣ್ಣ ಜಾಕಿ ರಾಡು ಹಿಡ್ಕೊಂಡು ಹೊರಟಿರ್ತಾನೆ ಅಂತ ನೆನಪಾಯ್ತು. ಬಿಟ್ಟೆ. ತಂತಿಗೆ ಸಿಕ್ಕಿದ್ದ ಅವನ ಅಂಗಿ ಬಿಡಿಸೋಕೂ ನಿಲ್ಲಲಿಲ್ಲ, ರಸ್ತೆ ದಾಟಿ ಓಡಿದೆ.

ಯಾವುದೋ ಕಲ್ಲು ಲಾರಿ ಹತ್ತಿ ಬಂದಿರ್ಬೇಕು, ಅಣ್ಣ ಆಗ್ಲೇ ಯಜಮಾನರ ಗೇಟ್ ಒಳಗಿದ್ದ. ಯಜಮಾನರು ಜಗಲಿ ಮೇಲೆ ನಿಂತಿದ್ರು. ಓಡ್ಲೂ ಇಲ್ಲ, ಕೂಗ್ಲೂ ಇಲ್ಲ. ಬಲಗೈ ದಬ್ಬೆ ಬಿಚ್ಚಿದ್ರು, ಆದ್ರೆ ಕೈ ಸೊಟ್ಟಗೆ ಕೂಡಿತ್ತು, ಬೆರಳು ಒಣಗಿದ ಶುಂಠಿ ಥರ ಮುದುರಿತ್ತು. ಎಡಗೈ ಮುಂದೆ ಮಾಡಿದ್ರು, ತಗೋ ಅನ್ನೋ ಹಂಗೆ. ಅಣ್ಣ ರಾಡು ಎತ್ತಿ ಬೀಸಿದ. ಅದು ಒಂದು ಮೊಳ ಈಚೆಗೇ ಬಿದ್ದು ಜಗಲಿ ಕಲ್ಲಿನ ಚಕ್ಕೆ ಹಾರ್ತು. ಮತ್ತೆ ಎತ್ತಿದ.

ನಾನು ಮಧ್ಯೆ ಬಿದ್ದೆ. 'ಅವರಲ್ಲ ಅಣ್ಣ! ಅವರಲ್ಲ! ನನ್ನ ಗುಂಡು!'

'ಸರ್ಕೊಳ್ಳೋ.'

'ಡಬ್ಬಿ ನಂದು. ಗುಂಡು ಸುರಿದು ತೋಟದೋನಿಗೆ ಕೊಟ್ಟಿದ್ದೆ. ನೋಡ್ದೇನೇ ಕೊಟ್ಟಿದ್ದೆ. ಅವನು ಗಿಣಿಗೆ ಹೊಡೆದ. ಇವರಲ್ಲ.'

ಯಜಮಾನರು ಒಂದು ಮೆಟ್ಟಿಲು ಕೆಳಗೆ ಬಂದ್ರು.

'ನಾನಲ್ವೇನಯ್ಯಾ?'

'ಅಲ್ಲ ಸಾರ್.'

'ಸರಿಯಾಗಿ ನೋಡಿದ್ಯಾ? ಎರಡು ಗೀರು ಇತ್ತಾ?'

'ಇತ್ತು ಸಾರ್. ಹಿಡಿಗಟ್ಲೆ ಇದಾವೆ.'

'ನಾನಲ್ಲ,' ಅಂದ್ರು ಬಾಗಿಲ ಕಡೆ ತಿರುಗಿ. ಅವರ ಹೆಂಗಸ್ರು ಅಲ್ಲಿ ನಿಂತಿದ್ರು. 'ಕೇಳಿಸ್ತೇನೇ? ನಾನಲ್ವಂತೆ.' ಆಮೇಲೆ ಮೆಟ್ಟಿಲ ಮೇಲೆ ಕೂತು, ಸೊಟ್ಟ ಕೈನ ತೊಡೆ ಮೇಲೆ ಇಟ್ಕೊಂಡು, ಹುಡುಗ್ರ ಥರ ಬಿಕ್ಕಿ ಬಿಕ್ಕಿ ಅತ್ರು. ನಾಕು ತಿಂಗಳು ಅವರು ಊಟ ಸರಿಯಾಗಿ ಮಾಡಿರ್ಲಿಲ್ವಂತೆ. ಅವರ ಹೆಂಗಸ್ರು ಅದನ್ನ ಹೇಳಿ ನನ್ನ ಕಡೆ ನೋಡಿದ್ರು. ಸೌಟಿನ ಏಟೇ ವಾಸಿ ಇತ್ತು.

ಅಣ್ಣ ರಾಡು ಕೆಳಗೆ ಹಾಕಿದ. ನನ್ನ ಕತ್ತಿನ ಪಟ್ಟಿ ಹಿಡಿದು ಎಳೆದು ಯಜಮಾನರ ಮುಂದೆ ನಿಲ್ಲಿಸ್ದ.

'ಹೊಡೀರಿ ಸ್ವಾಮಿ ಇವನ್ನ. ನಿಮಗೆ ಸಾಕು ಅನ್ನಿಸೋ ತನಕ ಹೊಡೀರಿ. ನಾನು ತಡೆಯಲ್ಲ.'

ಯಜಮಾನರು ತಲೆ ಎತ್ತಿ ನನ್ನ ನೋಡಿದ್ರು. ತಮ್ಮ ಬಲಗೈ ನೋಡ್ಕೊಂಡ್ರು.

'ಯಾವ ಕೈಲಿ ಹೊಡೀಲಯ್ಯಾ?'

ಎದ್ದು ಒಳಗೆ ಹೋದ್ರು. ಬಾಗಿಲು ಹಾಕೊಂಡ್ರು. ಒಳಗಿಂದ ಅಗಳಿ ಬಿದ್ದ ಸದ್ದು ಕೇಳಿಸ್ತು.

ಅಣ್ಣ ನನ್ನ ಪಟ್ಟಿ ಬಿಟ್ಟು ಎರಡು ಹೆಜ್ಜೆ ಹಿಂದಕ್ಕೆ ಹೋದ. ಮುಷ್ಟಿ ಕಟ್ಟಿ ಬೀಸಿದ. ಗಾಳಿ ಮಾತ್ರ ಮುಖಕ್ಕೆ ತಾಗ್ತು. ಮತ್ತೆ ಬೀಸಿದ. ಇನ್ನೊಂದು ಬೆರಳು ಹತ್ರ ಬಂತು ಅಷ್ಟೆ. ತನ್ನ ಏಟಿಗೆ ತಾನೇ ತೂರಾಡಿ ಗೇಟಿನ ಕಲ್ಲಿಗೆ ಭುಜ ತಾಗಿಸ್ಕೊಂಡ. ರಸ್ತೆಲಿ ನಾಕು ಜನ ನಿಂತು ನೋಡ್ತಿದ್ರು, ಅದ್ರಲ್ಲಿ ಒಬ್ಬ ನಕ್ಕ. ಅಣ್ಣನ ಇರೋ ಕಣ್ಣಲ್ಲಿ ನೀರು ತುಂಬಿತ್ತು. ನಾನು ಎಲ್ಲಿದೀನಿ ಅಂತ ಕತ್ತು ಓರೆ ಮಾಡಿ ಹುಡುಕ್ತಾ ಮೂರನೇ ಸಲ ಕೈ ಎತ್ತಿದ.

ನಾನು ಒಂದು ಹೆಜ್ಜೆ ಮುಂದೆ ಹೋಗಿ ಮುಖ ಕೊಟ್ಟೆ. ಆಗ ಬಿತ್ತು.